ಕದಲಿಸಬಾರದ ತೆಪ್ಪ

ನಿನ್ನೆಯ ಬೂದಿ ತೆಗೆಯುವುದು. ಅದನ್ನು ಅಂಗಳದ ಜಾರುವ ಮೆಟ್ಟಿಲುಗಳ ಮೇಲೆ ಚೆಲ್ಲುವುದು. ಸೌದೆ ಒಟ್ಟಿ ಒಲೆ ಹೊತ್ತಿಸುವುದು. ಹೊಗೆ ಒಳಗೆ ನುಗ್ಗಿದರೆ ಬಾಗಿಲು ತೆರೆಯುವುದು, ತೆರೆದದ್ದಕ್ಕೆ ಅತ್ತೆಯಿಂದ ಬೈಸಿಕೊಂಡು ಮುಚ್ಚುವುದು. ಅಡ್ಡೆ ಹೆಗಲಿಗೇರಿಸಿ ಬೀದಿ ತುದಿಯ ಪಂಪಿನಿಂದ ನೀರು ತರುವುದು, ಸಾಲದೆ ಮತ್ತೆ ತರುವುದು. ಕೋಳಿಗಳನ್ನು ಎಬ್ಬಿಸುವುದು. ಅತ್ತೆಯ ಮೊಣಕಾಲಿಗೆ ಮುಲಾಮು ತಿಕ್ಕುವುದು; ಉರಿಯುತ್ತದೆ ಅಂದರೆ ಒರೆಸುವುದು, ಒರೆಸಿದ್ದೇಕೆ ಅಂದರೆ ಮತ್ತೆ ತಿಕ್ಕುವುದು. ಗಂಜಿ ಬೇಯಿಸಿ, ಪಾತ್ರೆಯನ್ನು ಹಳೆ ಕೋಟಿನಲ್ಲಿ ಸುತ್ತಿ, ಆರದ ಹಾಗೆ ದಿಂಬುಗಳ ನಡುವೆ ಹೂತಿಡುವುದು. ರಾತ್ರಿ ನೆನೆಹಾಕಿದ ಬಟ್ಟೆಯನ್ನು ಮೆಷಿನ್ನಿಗೆ ತುಂಬಿ, ತಿರುಗಿಸಿ, ಸೋಪು ಸಮೇತ ತೆಗೆದು ಬುಟ್ಟಿಗೆ ತುರುಕುವುದು. ಗಂಡನ ಕನ್ನಡಕ ಹುಡುಕುವುದು. ಸಿಕ್ಕಿದ ಮೇಲೆ, ಅದನ್ನು ತಾವೇ ಹುಡುಕಿಕೊಂಡೆವು ಎಂದು ಅವರಿಗೆ ಅನ್ನಿಸುವಂಥ ಜಾಗದಲ್ಲಿ ಇಡುವುದು.

ಇಷ್ಟಾದ ಮೇಲೆ ನಮ್ಮ ಸ್ತಾರೊಸೊಲ್ಸ್ಕ್ ಪಟ್ಟಣದಲ್ಲಿ ಬೆಳಗಾಗುತ್ತದೆ. ವಲೆರ್ಯಾನ್ ಕುಜ್ಮಿಚ್ ಹಾಸಿಗೆಯಿಂದೆದ್ದು, ಕನ್ನಡಕ ಏರಿಸಿಕೊಂಡು, ಕಿಟಕಿಯ ಪರದೆ ಸರಿಸಿ, ನಿಟ್ಟುಸಿರು ಬಿಡುತ್ತಾರೆ.

"ನೋಡು ಕಪಾ, ನಮ್ಮ ಊರು ಇನ್ನೂ ಮಲಗಿದೆ."

ಕಪಾ ಎಂದರೆ ಅವರ ಹೆಂಡತಿ ಕಪಿತೊಲೀನ ಸವ್ವಿಚ್ನ, ನನ್ನ ಪಕ್ಕದ ಮನೆಯವಳು. ದಪ್ಪ ತೋಳು, ದೊಡ್ಡ ನಗು. ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ನಾದಿ ನಾದಿ ನಿವೃತ್ತಳಾದವಳು. ಅವಳು ಕೆಲಸ ಬಿಟ್ಟ ದಿನ ವಲೆರ್ಯಾನ್ ಕುಜ್ಮಿಚ್ ಎಲ್ಲರೆದುರು ಗ್ಲಾಸು ಎತ್ತಿ, "ಇನ್ನು ಮೇಲೆ ನಮ್ಮ ಕಪಾ ಆರಾಮವಾಗಿ ಮನೆಗೆಲಸ ಮಾಡಿಕೊಂಡಿರಬಹುದು" ಎಂದು ಹಾರೈಸಿದ್ದರು. ಎಲ್ಲರೂ ಕುಡಿದರು. ಕಪಾ ಕೂಡ ಕುಡಿದಳು, ಆಮೇಲೆ ಗ್ಲಾಸುಗಳನ್ನು ತೊಳೆದಳು.

ವಲೆರ್ಯಾನ್ ಕುಜ್ಮಿಚ್ ನಮ್ಮ ಊರಿನ ಪರಂಪರೆ ಸಂಘದ ಅಧ್ಯಕ್ಷರು. ಸಂಘದಲ್ಲಿ ಅವರು, ಔಷಧಿ ಅಂಗಡಿಯವರು, ಮತ್ತು ಔಷಧಿ ಅಂಗಡಿಯವರ ಭಾವಮೈದುನ ಇದ್ದಾರೆ. ಭಾವಮೈದುನ ಬರುವುದು ಕಪಾಳ ಎಲೆಕೋಸಿನ ಕಡುಬಿಗಾಗಿ. ಹಳೆಯ ಉಪ್ಪಿನ ಬಾವಿಗಳು, ವರ್ತಕರ ಮನೆಗಳು, ಕಿಟಕಿಯ ಕೆತ್ತನೆಗಳು ಎಲ್ಲದರ ಬಗ್ಗೆಯೂ ಸಂಘ ದನಿಯೆತ್ತುತ್ತದೆ. ನದಿಯಂಚಿನ ನಮ್ಮ ಕೆಳಬೀದಿಯನ್ನು ಪೂರ್ತಿಯಾಗಿ ಸರಕಾರದ ಪರಂಪರೆ ಪಟ್ಟಿಗೆ ಸೇರಿಸಿದ್ದು ಅವರೇ. ಅದಾಗುತ್ತಲೇ ಪುರಸಭೆಯವರು ನೀರಿನ ಕೊಳವೆ ಹಾಕಲು ತಂದು ಪೇರಿಸಿದ್ದನ್ನೆಲ್ಲ ವಾಪಸು ಹೊತ್ತುಕೊಂಡು ಹೋದರು. ನಮ್ಮ ಬೀದಿಯ ನೆಲದೊಳಗೆ ಹಳೆಯ ಕಾಲವಿದೆಯಂತೆ, ಅಗೆಯುವ ಹಾಗಿಲ್ಲವಂತೆ. ಮೇಲುಬೀದಿಯವರ ನೆಲದೊಳಗೆ ಏನೂ ಇರಲಿಲ್ಲ. ಅವರ ಮನೆಗಳಿಗೆ ನಲ್ಲಿ ಬಂತು.

ಹಾಗಾಗಿ ನಮ್ಮಲ್ಲಿ ಬಟ್ಟೆ ಜಾಲಿಸುವುದೆಂದರೆ ಕೆರ್ಮ ನದಿಗೇ ಹೋಗಬೇಕು. ಮೆಷಿನ್ ಇದ್ದರೂ ಅಷ್ಟೇ. ಸೋಪು ಬಿಡುವವರೆಗೆ ಜಾಲಿಸುವಷ್ಟು ನೀರನ್ನು ಪಂಪಿನಿಂದ ಹೊತ್ತರೆ ಹೆಗಲು ಉಳಿಯುವುದಿಲ್ಲ. ನದಿಯಲ್ಲಿ ನಮ್ಮ ತೆಪ್ಪವಿತ್ತು. ಮರದ ದಿಮ್ಮಿಗಳನ್ನು ಜೋಡಿಸಿ, ಮೇಲೊಂದು ಹಲಗೆಯ ಮನೆ ಕಟ್ಟಿ, ದಡದ ಗೂಟಗಳಿಗೆ ಹಗ್ಗ ಬಿಗಿದದ್ದು. ಒಳಗೆ ನೆಲದ ನಡುವೆ ಉದ್ದನೆಯ ಬಾಯಿ, ಅದರಲ್ಲಿ ನದಿ ಹರಿಯುತ್ತಿರುತ್ತದೆ. ಸುತ್ತ ಅಡ್ಡಗಂಬಿ, ಗೋಡೆಯುದ್ದಕ್ಕೂ ಬೆಂಚು. ಗಾಳಿ ತಾಗುವುದಿಲ್ಲ, ಮಳೆ ಬೀಳುವುದಿಲ್ಲ, ಗಂಡಸರು ಬರುವುದಿಲ್ಲ. ಮನೆಯಲ್ಲಿ ಕಪಾ ಕುಳಿತದ್ದನ್ನು ನಾನು ನೋಡಿದ್ದು ಕಡಿಮೆ. ತೆಪ್ಪದ ಬೆಂಚಿನ ಮೇಲೆ ಅವಳು ಬೂಟು ಕಳಚಿ, ಕಾಲು ಚಾಚಿ ಕೂರುತ್ತಿದ್ದಳು. ಊರಿನ ಮದುವೆಗಳು ಮುರಿದದ್ದು, ಕೂಡಿದ್ದು, ಯಾರ ಮಗಳು ಯಾರಿಗೆ ಹೆತ್ತದ್ದು, ಎಲ್ಲವೂ ಅಲ್ಲಿ ಮೊದಲು ಜಾಲಿಸಲ್ಪಟ್ಟು ಆಮೇಲೆ ಊರಿಗೆ ಹೋಗುತ್ತಿದ್ದವು.

ವಲೆರ್ಯಾನ್ ಕುಜ್ಮಿಚ್ ಆ ತೆಪ್ಪದ ಬಗ್ಗೆ ದೊಡ್ಡ ಪ್ರಬಂಧ ಬರೆದರು. ಪುಝಿಕೋವ್ ಎಂಬ ಉಪ್ಪಿನ ವರ್ತಕ, ತನ್ನ ಮನೆಯ ಕೆಲಸದವರ ಕೈ ಚಳಿಗೆ ಮರಗಟ್ಟುವುದನ್ನು ಕಂಡು ಮರುಗಿ, ಊರಿಗೆ ಇದನ್ನು ದಾನ ಮಾಡಿದನಂತೆ. ಒಂದು ಸಂಜೆ ಅವರು ಅದನ್ನು ಸಂಘಕ್ಕೆ ಓದಿ ಹೇಳುತ್ತಿದ್ದಾಗ ನಾನೂ ಕಡುಬು ಹೊತ್ತು ಒಳಗೆ ಹೋಗಿದ್ದೆ.

"ಅಷ್ಟೊಂದು ಮರುಕ ಇದ್ದಿದ್ರೆ ಒಂದಿನ ತಾನೇ ಒಗೀಬಹುದಿತ್ತು" ಅಂದಳು ಕಪಾ, ತಟ್ಟೆ ಇಡುತ್ತಾ.

"ಕಪಾ, ಇದು ಇತಿಹಾಸ."

"ಆ ದಿಮ್ಮಿಗಳನ್ನ ಹೋದ ವರ್ಷ ನಾವೇ ಬದಲಾಯಿಸಿದ್ವಲ್ಲ. ಅದರ ಹಿಂದಿನವನ್ನ ನಮ್ಮಮ್ಮಂದಿರು ಬದಲಾಯಿಸಿದ್ರು. ಅದ್ಯಾಕೆ ಬರ್ದಿಲ್ಲ?"

"ಅದು ರಿಪೇರಿ" ಅಂದರು ವಲೆರ್ಯಾನ್ ಕುಜ್ಮಿಚ್, ತಾಳ್ಮೆಯಿಂದ. "ರಿಪೇರಿನ ಯಾರೂ ಬರೆಯಲ್ಲ. ಇನ್ನೊಂದು ಕಡುಬು ಕೊಡು."

ಕೋಳಿ ಮೊಟ್ಟೆಗಳು ಹೆಚ್ಚುವ ವಸಂತದಲ್ಲಿ ಪ್ರಾಂತ್ಯದ ನಗರದಿಂದ ಅಧಿಕಾರಿ ಬಂದರು. ಇನ್ನೊಕೆಂತಿ ಲ್ವೋವಿಚ್ ಅಂತ. ಕಾಲಲ್ಲಿ ನಗರದ ತೆಳು ಷೂ, ನಮ್ಮ ಇಳಿಜಾರಿನಲ್ಲಿ ಮೊದಲ ಹೆಜ್ಜೆಗೇ ಒಂದು ಷೂ ಕೆಸರಿನಲ್ಲಿ ಉಳಿಯಿತು. ಯಾರೂ ಮುನ್ಸೂಚನೆ ಕೊಟ್ಟಿರಲಿಲ್ಲ. ತೆಪ್ಪದೊಳಗೆ ಕಪಾ, ನಾನು, ಪುರಸಭೆ ಕಚೇರಿಯಲ್ಲಿ ಕೆಲಸ ಮಾಡುವ ನೊನ್ನಾ, ಮತ್ತು ಆಚೆ ದಡದಿಂದ ದೋಣಿಯಲ್ಲಿ ಬಟ್ಟೆ ಹೇರಿಕೊಂಡು ಬಂದಿದ್ದ ಫೈನಾ, ನಾಲ್ವರೂ ಮೊಣಕೈವರೆಗೆ ನೀರಿನಲ್ಲಿದ್ದೆವು. ಕಂಬಿಯ ಮೇಲೆ ಆಗತಾನೇ ಹಿಂಡಿದ ವಲೆರ್ಯಾನ್ ಕುಜ್ಮಿಚ್ ಅವರ ನೀಲಿ ಒಳಪೈಜಾಮ, ಎರಡೂ ಕಾಲು ಅಗಲಿಸಿಕೊಂಡು, ನೀರು ತೊಟ್ಟಿಕ್ಕಿಸುತ್ತಿತ್ತು.

"ಇಲ್ಲಿ ಕಾಲದ ಉಸಿರು ಕೇಳಿಸುತ್ತದೆ" ಎಂದು ವಲೆರ್ಯಾನ್ ಕುಜ್ಮಿಚ್ ಕೈ ಚಾಚಿ ಹೇಳಿದರು. ಕೈ ನೇರವಾಗಿ ಪೈಜಾಮದ ಕಡೆಗಿತ್ತು.

"ಅದ್ಭುತ" ಅಂದ ಇನ್ನೊಕೆಂತಿ ಲ್ವೋವಿಚ್ ಎಲ್ಲ ಮೂಲೆಗಳಿಂದಲೂ ಫೋಟೋ ತೆಗೆದುಕೊಂಡರು. "ಎಲ್ಲವೂ ಹೇಗಿದೆಯೋ ಹಾಗೇ ಉಳಿಯಬೇಕು. ಫೋಟೋದಲ್ಲಿ ಇರೋದನ್ನ ಇನ್ನು ಯಾರೂ ಮುಟ್ಟಬಾರದು."

"ಕೇಳಿದ್ಯೇನೇ ಕಪಾ?" ಅಂದಳು ಫೈನಾ. "ನಿನ್ನ ಗಂಡನ ಪೈಜಾಮಕ್ಕೆ ಇನ್ನು ಸರಕಾರದ ರಕ್ಷಣೆ. ಚಳಿಗಾಲದಲ್ಲಿ ಅವರು ಪೈಜಾಮ ಇಲ್ದೇನೇ ಓಡಾಡ್ಬೇಕು."

ನಾವು ನಕ್ಕೆವು. ನಗು ಬಹಳ ದಿನ ಬಾಳಲಿಲ್ಲ. ಬೇಸಿಗೆ ಬರುವಷ್ಟರಲ್ಲಿ ತೆಪ್ಪ ಸ್ಮಾರಕವಾಯಿತು. ಬಾಗಿಲಿಗೆ ಬೀಗ ಬಿತ್ತು. ಸ್ಮಾರಕದೊಳಗೆ ಬಟ್ಟೆ ಒಗೆಯುವುದು ನಿಷೇಧ.

ಬುಟ್ಟಿ ಹೊತ್ತು ಹೋದ ಕಪಾ ಬೀಗ ನೋಡಿ ಹಿಂದಿರುಗಿ ಬಂದು, ಗಂಡನ ಎದುರಿಗೆ ಬುಟ್ಟಿ ಇಟ್ಟಳಂತೆ.

"ಇದನ್ನ ಎಲ್ಲಿ ಜಾಲಿಸ್ಲಿ?"

"ದಡದಲ್ಲಿ ಕಲ್ಲಿದೆಯಲ್ಲ, ಅದರ ಮೇಲೆ" ಅಂದರು ಅವರು. "ಸ್ವಲ್ಪ ದಿನ ಕಷ್ಟ. ಆದರೆ ಯೋಚನೆ ಮಾಡು, ನಮ್ಮ ತೆಪ್ಪದ ಹೆಸರು ಪುಸ್ತಕದಲ್ಲಿ ಬರುತ್ತೆ."

"ಪುಸ್ತಕದಲ್ಲಿ ನೀರು ಬರುತ್ತಾ?"

ಮೂಲೆಯ ಮಂಚದಿಂದ ಅತ್ತೆ ಯೆವ್ಲಾಂಪಿಯ ಕೂಗಿದರು: "ಏನಂತೆ ಅವಳದ್ದು? ನಮ್ಮ ಕಾಲದಲ್ಲಿ ತೆಪ್ಪದ ಮೇಲೆ ಗೋಡೆನೇ ಇರ್ಲಿಲ್ಲ!"

"ಇತ್ತಮ್ಮಾ, ಪುಝಿಕೋವ್ ಕಾಲದಿಂದ್ಲೂ ಇತ್ತು" ಅಂದರು ಮಗ, ಗಾಬರಿಯಾಗಿ. ಗೋಡೆ ಇರಲಿಲ್ಲವೆಂದರೆ ಪ್ರಬಂಧದ ಅರ್ಧ ಬಿದ್ದುಹೋಗುತ್ತಿತ್ತು. ತಾಯಿ ಮಗ ಅದರ ಬಗ್ಗೆ ಸಂಜೆಯವರೆಗೆ ವಾದಿಸಿದರು. ಕಪಾ ಕಲ್ಲಿನ ಮೇಲೆ ಮಂಡಿಯೂರಿ ಜಾಲಿಸಿಕೊಂಡು ಬಂದಳು.

ಪ್ರವಾಸಿಗರ ಬಸ್ಸುಗಳು ಬರತೊಡಗಿದವು. ಬೀಗ ತೆರೆದು ತೋರಿಸಿದರೆ ಖಾಲಿ ಹಲಗೆ ಮನೆ, ನಡುವೆ ನೀರು. ಜನ ಇಣುಕಿ, "ಇಷ್ಟೇನಾ?" ಎಂದು ಹೊರಡುತ್ತಿದ್ದರು. ಆಗ ಇನ್ನೊಕೆಂತಿ ಲ್ವೋವಿಚ್ ಮತ್ತೆ ಬಂದರು. ಈ ಸಲ ಬೂಟು ಹಾಕಿದ್ದರು.

"ಕಪಿತೊಲೀನ ಸವ್ವಿಚ್ನ, ತಾವು ನಮಗೊಂದು ಉಪಕಾರ ಮಾಡಬೇಕು. ಬಸ್ಸು ಬಂದಾಗ ತಾವು ಹಳೇ ಕಾಲದ ಅಗಸಗಿತ್ತಿ ಆಗಬೇಕು. ಜೀವಂತ ಪರಂಪರೆ ಅಂತ."

"ಏನ್ ಮಾಡ್ಬೇಕು?"

"ಬಟ್ಟೆ ಜಾಲಿಸೋದು."

"ತೆಪ್ಪದ ಒಳಗೆ?"

"ತೆಪ್ಪದ ಒಳಗೆ."

"ನಿಷೇಧ ಅಂದ್ರಲ್ಲ?"

"ನಿಜವಾಗಿ ಒಗೆಯೋದು ನಿಷೇಧ. ಒಗೆಯೋ ಹಾಗೆ ತೋರಿಸೋದಕ್ಕೆ ಅನುಮತಿ ಇದೆ."

ಕಪಾ ಸ್ವಲ್ಪ ಯೋಚಿಸಿ ಒಪ್ಪಿದಳು. ಅಧಿಕಾರಿ ಅವಳ ರಬ್ಬರ್ ಕೈಗವಸುಗಳನ್ನು ನೋಡಿ ಮುಖ ಕಿವುಚಿದರು. ಆ ಕಾಲದ ಹೆಂಗಸರು ಇದನ್ನು ಹಾಕುತ್ತಿರಲಿಲ್ಲ.

"ಆ ಕಾಲದ ಹೆಂಗಸ್ರನ್ನ ನೀವು ಕೇಳಿದ್ರಾ? ಕೊಟ್ಟಿದ್ರೆ ಹಾಕ್ತಿದ್ರು."

ಕೊನೆಗೆ ಕೈಗವಸು ಉದ್ದ ತೋಳಿನೊಳಗೆ ಅಡಗಿತು. ಕಪಾಳಿಗೆ ಕೆಂಪು ಲಂಗ, ತಲೆಗೆ ಹೂವಿನ ಚಿತ್ತಾರದ ವಸ್ತ್ರ. ಅತ್ತೆ ಅವಳನ್ನು ನೋಡಿ, ಚಹಾ ಕಾಯಿಸುವ ಸಮೋವರಿನ ಮೇಲೆ ಕೂರಿಸುವ ಬಟ್ಟೆ ಬೊಂಬೆಯ ಹಾಗಿದ್ದೀಯ ಅಂದರು. ಮೊದಲ ಬಸ್ಸು ಬಂದ ದಿನ ಕಪಾ ನಮ್ಮೆಲ್ಲರ ಬೇಲಿ ತಟ್ಟಿಕೊಂಡು ಹೋದಳು.

"ಕೊಡ್ರೇ ಬೇಗ! ಹಾಸಿಗೆ ಬಟ್ಟೆ, ನೆಲಹಾಸು, ಏನಿದೆಯೋ ಎಲ್ಲಾ. ನಾನು ಪರಂಪರೆ ಮಾಡೋಕೆ ಹೊರಟಿದೀನಿ."

ಆ ಬೇಸಿಗೆ ಕೆಳಬೀದಿಯ ಬಟ್ಟೆಗಳೆಲ್ಲ ಸರಕಾರದ ಖುದ್ದು ಮೇಲ್ವಿಚಾರಣೆಯಲ್ಲಿ ಜಾಲಿಸಲ್ಪಟ್ಟವು. ನಾನೂ ನೊನ್ನಾಳೂ ಲಂಗ ತೊಟ್ಟು "ಹಳೇ ಕಾಲದ ನೆರೆಯವರು" ಆದೆವು. ನಾವು ಮಾತಾಡಿದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಒಮ್ಮೆ ಮೂಗಿನ ಮೇಲೆ ಸನ್‌ಬರ್ನ್ ಆಗಿದ್ದ ಗಂಡಸೊಬ್ಬ ಮುಂದೆ ಬಂದು, "ನಾನೂ ಒಂದು ಸಲ ಪ್ರಯತ್ನ ಮಾಡಬಹುದಾ?" ಅಂದ. ಕಪಾ ಅವನ ಕೈಗೆ ನನ್ನ ಮನೆಯ ಉದ್ದದ ನೆಲಹಾಸು ಕೊಟ್ಟಳು. ನೀರು ಕುಡಿದ ನೆಲಹಾಸೆಂದರೆ ಕರು ಹಾಕಲಿರುವ ಹಸುವಿನಷ್ಟು ಭಾರ. ಅವನು ಎಳೆದ, ಬಡಿದ, ಹಿಂಡಿದ, ಒದ್ದೆಯಾದ. ಅವನ ಹೆಂಡತಿ ಅದನ್ನೆಲ್ಲ ಫೋನಿನಲ್ಲಿ ಚಿತ್ರ ತೆಗೆದುಕೊಂಡಳು.

"ಮನೇಲಿ ಯಾವತ್ತಾದ್ರೂ ಇವ್ರು ಬಟ್ಟೆ ಮುಟ್ಟಿದ್ದುಂಟಾ ತಾಯೀ?" ಕಪಾ ಅವಳನ್ನು ಕೇಳಿದಳು.

"ಇಲ್ಲಮ್ಮಾ. ಅದಕ್ಕೇ ಚಿತ್ರ ತೆಗೀತಿರೋದು, ನಮ್ಮತ್ತೆ ನಂಬೋಲ್ಲ."

ಅಂದಿನಿಂದ ಕಪಾ ಭಾರದ ಬಟ್ಟೆಗಳನ್ನೆಲ್ಲ ಗಂಡಸರಿಗೆಂದೇ ತೆಗೆದಿಡತೊಡಗಿದಳು. ಅವರು ಸರದಿಯಲ್ಲಿ ನಿಂತು ಜಾಲಿಸಿದರು. ಅವಳು ಬೆಂಚಿನ ಮೇಲೆ ಕಾಲು ಚಾಚಿ ಕುಳಿತು, "ಇನ್ನೂ ಸೋಪು ಬಿಟ್ಟಿಲ್ಲ, ಪುಝಿಕೋವ್ ಆಗಿದ್ರೆ ನಿಮ್ಮನ್ನ ಹೊರಗೆ ಹಾಕ್ತಿದ್ದ" ಎಂದು ಹುರಿದುಂಬಿಸಿದಳು. ಆ ತಿಂಗಳುಗಳಲ್ಲಿ ಅವಳು ನಕ್ಕಷ್ಟು ಬೇರೆಂದೂ ನಕ್ಕದ್ದನ್ನು ನಾನು ಎಂದೂ ಕಂಡಿಲ್ಲ.

ಆದರೆ ಯಾರೋ ಪ್ರವಾಸಿ, ತನ್ನ ಊರಿಗೆ ಹೋದ ಮೇಲೆ, ಸ್ತಾರೊಸೊಲ್ಸ್ಕ್‌ನಲ್ಲಿ ಒಬ್ಬಾಕೆಯ ಅತ್ತೆಯ ಒಳಲಂಗ ಹಿಂಡಿದೆನೆಂದು ಹೆಮ್ಮೆಯಿಂದ ಎಲ್ಲರಿಗೂ ತಿಳಿಸಿದ. ಅದು ಇನ್ನೊಕೆಂತಿ ಲ್ವೋವಿಚ್ ಅವರ ಕಿವಿಗೆ ಬಿತ್ತು. ಅವರು ಓಡಿ ಬಂದರು.

"ಕಪಿತೊಲೀನ ಸವ್ವಿಚ್ನ! ಅದು ನಿಜವಾದ ಕೊಳೆ ಬಟ್ಟೆಯಾ?"

"ಮತ್ತೆ? ಸುಳ್ಳು ಕೊಳೆ ಎಲ್ಲಿ ಸಿಗುತ್ತೆ?"

ಅವರು ಚೀಲದಿಂದ ಕಸೂತಿಯಂಚಿನ ಬಿಳಿ ವಸ್ತ್ರವೊಂದನ್ನು ತೆಗೆದರು. ಇಸ್ತ್ರಿ ಮಾಡಿದ್ದು. ಇನ್ನು ಮೇಲೆ ಇದೊಂದನ್ನೇ ನೀರಿಗೆ ತೋರಿಸಿ ತೆಗೆಯಬೇಕೆಂದರು. ಮುಂದಿನ ಬೇಸಿಗೆಗೆ ಅದೂ ಬೇಕಾಗುವುದಿಲ್ಲ: ನೆಲದ ಬಾಯಿಗೆ ದಪ್ಪ ಗಾಜು ಕೂರಿಸುತ್ತಾರೆ, ಜನ ಅದರ ಮೇಲೆ ನಿಂತು ಕೆಳಗೆ ಹರಿಯುವ ನೀರನ್ನು ನೋಡುತ್ತಾರೆ. ಗಾಜಿಗೆ ಅನುಮತಿ ಬಂದಾಗಿದೆ. ನೀರು ಕಾಣುತ್ತದೆ, ಮುಟ್ಟಲು ಸಿಗುವುದಿಲ್ಲ.

ವಲೆರ್ಯಾನ್ ಕುಜ್ಮಿಚ್ ಆ ರಾತ್ರಿ ಊಟಕ್ಕೆ ಕುಳಿತು, ಗಾಜು ಒಳ್ಳೆಯ ಯೋಚನೆ ಅಂದರಂತೆ. ಕಪಾ ಬಡಿಸಿದಳು. ಅವರ ತಟ್ಟೆಗೆ ಉಪ್ಪು ಹಾಕುವುದು ಮರೆತಿದ್ದಳು. ಅವರೂ ಅದನ್ನು ಗಮನಿಸಲಿಲ್ಲ, ಗಾಜಿನ ಬಗ್ಗೆ ಮಾತಾಡುತ್ತಿದ್ದರು.

ಹೀಗೆ ಶರತ್ಕಾಲ ಬಂತು. ಬಸ್ಸುಗಳು ನಿಂತವು. ನಾವು ಮತ್ತೆ ಕಲ್ಲಿಗೆ ಹೋದೆವು. ಕೈ ಕೆಂಪಾಯಿತು, ಮಂಡಿ ನೀಲಿಯಾಯಿತು. ತೆಪ್ಪ ಪಕ್ಕದಲ್ಲೇ ಬೀಗ ಹಾಕಿಕೊಂಡು ತೇಲುತ್ತಿತ್ತು.

ಪ್ರತಿ ವರ್ಷ ನದಿ ಹೆಪ್ಪುಗಟ್ಟುವ ಮೊದಲು ತೆಪ್ಪವನ್ನು ಹಗ್ಗ ಬಿಚ್ಚಿ, ಕೆಳಗಿನ ತಿರುವಿನ ಬಳಿ ನಮ್ಮದೇ ದಡದಲ್ಲಿರುವ ಹಿನ್ನೀರಿಗೆ ಒಯ್ದು ಕಟ್ಟುವುದು ವಾಡಿಕೆ. ಅಲ್ಲಿ ನೀರು ನಿಂತಿರುತ್ತದೆ, ಮಂಜುಗಡ್ಡೆ ಮೆಲ್ಲಗೆ ಸುತ್ತಲೂ ಕಟ್ಟಿಕೊಳ್ಳುತ್ತದೆ, ನಾವು ಒಳಗಿನ ಬಾಯಿಯನ್ನು ಕೊಡಲಿಯಿಂದ ತೆರೆದಿಟ್ಟುಕೊಂಡು ಚಳಿಗಾಲವಿಡೀ ಗಾಳಿಯ ಕಾಟವಿಲ್ಲದೆ ಜಾಲಿಸುತ್ತೇವೆ. ಹರಿಯುವ ನೀರಿನಲ್ಲೇ ಬಿಟ್ಟರೆ ಮೊದಲ ಗಡ್ಡೆಗಳು ಅದನ್ನು ಬೆಂಕಿಪೊಟ್ಟಣದಂತೆ ಪುಡಿ ಮಾಡುತ್ತವೆ. ಇದು ಊರಿನ ಕೋಳಿಗಳಿಗೂ ಗೊತ್ತು.

ಆದರೆ ಸ್ಮಾರಕವನ್ನು ಅದರ ವಿಳಾಸದಿಂದ ಕದಲಿಸುವ ಹಾಗಿಲ್ಲ. ಕಾನೂನು ಹಾಗಿದೆ. ಆ ಕಾನೂನು ಬರೆದವರು ಇಗರ್ಜಿಗಳನ್ನೂ ಮನೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದರು. ತೇಲುವಂಥದ್ದೊಂದು ಸ್ಮಾರಕವಾಗಬಹುದೆಂದು ನಮ್ಮ ವಲೆರ್ಯಾನ್ ಕುಜ್ಮಿಚ್ ಹೊರತು ಯಾರೂ ಎಣಿಸಿರಲಿಲ್ಲ.

ನೊನ್ನಾ ಕಚೇರಿಯಿಂದ ನಗರಕ್ಕೆ ಫೋನು ಹಚ್ಚಿದಳು. ಇನ್ನೊಕೆಂತಿ ಲ್ವೋವಿಚ್ ಸಿಕ್ಕರು. ಕದಲಿಸಲು ಅನುಮತಿ ಬೇಕಿದ್ದರೆ ಸಮಿತಿ ಕೂಡಬೇಕು, ಸಮಿತಿ ವಸಂತದಲ್ಲಿ ಕೂಡುತ್ತದೆ ಅಂದರು.

"ಅಲ್ಲೀವರ್ಗೆ ನದಿಗೆ ಏನ್ ಹೇಳೋದು?" ಕೇಳಿದಳು ನೊನ್ನಾ.

ಅವರು ಗಂಟಲು ಸರಿಮಾಡಿಕೊಂಡು, ಸ್ಥಳೀಯರು ತಮ್ಮ ಮಟ್ಟದಲ್ಲಿ ಏನಾದರೂ ಮಾಡಿಕೊಂಡರೆ ತಮ್ಮ ಗಮನಕ್ಕೆ ಬರುವ ಸಂಭವ ಕಡಿಮೆ ಅಂದು ಫೋನಿಟ್ಟರು. ಮಾರನೆಯ ದಿನದಿಂದ ಊರಿಡೀ ಹೀಗೇ ಮಾತಾಡತೊಡಗಿತು. ಔಷಧಿ ಅಂಗಡಿಯವರು ಮುಲಾಮು ಕೊಡುತ್ತಾ ಕಪಾಳಿಗೆ, ತಮಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ನದಿಯ ಕಡೆಯಂತೂ ಏನೂ ಕಾಣುವುದಿಲ್ಲ ಅಂದರು. ಭಾವಮೈದುನ, ತೆಪ್ಪವೊಂದು ತಾನಾಗಿ ಜಾರಿ ಹಿನ್ನೀರಿಗೆ ಹೋದ ಉದಾಹರಣೆ ಎಲ್ಲೋ ಇದೆ ಅಂದ. ಎಲ್ಲರೂ ತಪ್ಪು ಆಗಲೆಂದು ಕಾಯುತ್ತಿದ್ದರು, ಅದೂ ಕಪಾಳ ಕೈಯಿಂದಲೇ.

ವಲೆರ್ಯಾನ್ ಕುಜ್ಮಿಚ್ ಮಾತ್ರ ನೇರವಾಗಿ ಹೇಳಿದರು. ನಾನು ಅವರ ಮನೆಯಲ್ಲಿ ಯೀಸ್ಟ್ ಕಡ ಕೇಳಲು ಹೋಗಿದ್ದೆ, ಬಾಗಿಲ ಬಳಿಯೇ ನಿಂತಿದ್ದೆ.

"ಕಪಾ, ಅಧ್ಯಕ್ಷನಾಗಿ ನಾನು ಇದರ ಬಗ್ಗೆ ಕೇಳಿಸಿಕೊಳ್ಳೋ ಹಾಗೂ ಇಲ್ಲ. ಆದರೆ ಒಂದು ಬೆಳಿಗ್ಗೆ ಎದ್ದು ನೋಡಿದಾಗ ತೆಪ್ಪ ಹಿನ್ನೀರಲ್ಲಿದ್ರೆ, ಹೇಗೆ ಹೋಯ್ತು ಅಂತ ನಾನು ಕೇಳಲ್ಲ."

"ನಗರದವ್ರು ಕೇಳಿದ್ರೆ?"

"ಕೇಳಿದ್ರೆ..." ಅವರು ಕನ್ನಡಕ ಒರೆಸಿಕೊಂಡರು. "ಹೆಂಗಸರು ಗೊತ್ತಿಲ್ದೆ ಮಾಡಿಬಿಟ್ಟಿದ್ದಾರೆ, ತಿಳಿವಳಿಕೆ ಕಡಿಮೆ, ಕ್ಷಮಿಸಿಬಿಡಿ ಅಂತ ನಾನೇ ಬರೆದುಕೊಡ್ತೀನಿ. ನಿನ್ನ ಮೇಲೆ ದೊಡ್ಡದೇನೂ ಬರದ ಹಾಗೆ ನೋಡ್ಕೋತೀನಿ."

ಕಪಾ ಒಲೆಯ ಮುಂದೆ ನಿಂತಿದ್ದಳು. ಕೈಯಲ್ಲಿ ಸಾರಿನ ಸೌಟು.

"ಗಾಜು?"

"ಗಾಜು ಹೇಗೂ ಬರುತ್ತೆ. ಅದು ಬೇರೆ ವಿಷಯ."

"ಅಂದ್ರೆ ಹಿನ್ನೀರಿಗೆ ತಳ್ಳೋಳು ನಾನು. ತಿಳಿವಳಿಕೆ ಇಲ್ದೋಳೂ ನಾನು. ವಸಂತದಲ್ಲಿ ವಾಪಸು ತಳ್ಳಿ, ಗಾಜಿನ ಮೇಲಿಂದ ನೀರು ನೋಡೋಳೂ ನಾನು."

"ಪರಂಪರೆ ಉಳಿಯುತ್ತಲ್ಲ ಕಪಾ" ಅಂದರು ಅವರು, ನಿಜವಾದ ಪ್ರೀತಿಯಿಂದ. ಆ ತೆಪ್ಪದ ಮೇಲೆ ಅವರಿಗೆ ಪ್ರೀತಿ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಒಡೆದುಹೋದರೆ ಮನುಷ್ಯ ಹಾಸಿಗೆ ಹಿಡಿಯುತ್ತಿದ್ದರು. ಅದನ್ನು ಉಳಿಸಲು, ತೆಪ್ಪ ತಳ್ಳುವ ಕೊಕ್ಕೆಗೋಲನ್ನು ತಾವೇ ಹಿಡಿಯಬಹುದೆಂದು ಮಾತ್ರ ಅವರಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಕೊಕ್ಕೆಗೋಲು ಎಲ್ಲಿದೆ ಅಂತ ಕಪಾಳನ್ನೇ ಕೇಳಬೇಕಿತ್ತು.

ಆ ವಾರ ನದಿಗೆ ಕೊಬ್ಬು ಬಂತು. ಮಂಜುಗಡ್ಡೆಗೆ ಮೊದಲು ನೀರಿನ ಮೇಲೆ ಕಟ್ಟುವ ತೆಳ್ಳನೆಯ ಮಾಸಲು ಪದರಕ್ಕೆ ನಮ್ಮಲ್ಲಿ ಹಾಗೇ ಅನ್ನುತ್ತಾರೆ. ಕೊಬ್ಬು ಬಂದಿತೆಂದರೆ ಗಡ್ಡೆ ದೂರವಿಲ್ಲ. ನಾವು ಕಲ್ಲಿನ ಬಳಿ ಸೇರಿದ್ದೆವು. ಫೈನಾ ಆ ವರ್ಷದ ಕೊನೆಯ ಸಲ ದೋಣಿ ದಾಟಿಸಿಕೊಂಡು ಬಂದಿದ್ದಳು.

ತೆಪ್ಪವನ್ನು ಹಿನ್ನೀರಿಗೆ ಒಯ್ಯಲು ಮೂವರು ಬೇಕು. ನೊನ್ನಾ ದಡದಲ್ಲಿ ಹಗ್ಗ ಹಿಡಿದು ನಡೆಯುತ್ತಾಳೆ, ಕಪಾ ಮತ್ತು ನಾನು ಕೊಕ್ಕೆಗೋಲು ಊರಿ ತಳ್ಳುತ್ತೇವೆ. ತಿರುವಿನಲ್ಲಿ ಸೆಳೆತ ಆಚೆ ದಡಕ್ಕೆ ಎಳೆಯುತ್ತದೆ, ಅದರ ವಿರುದ್ಧ ಜೀವ ಬಿಟ್ಟು ತಳ್ಳಿದರೆ ಮಾತ್ರ ನಮ್ಮ ಹಿನ್ನೀರಿನ ಬಾಯಿಗೆ ಸೇರಬಹುದು. ಆ ವರ್ಷ ನನಗೆ ಸೊಂಟ ಹಿಡಿದು, ಬಕೆಟ್ ಕೂಡ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ನೊನ್ನಾ, "ನಾನು ಹಗ್ಗ ಮುಟ್ಟಿದ್ರೆ ನಾಳೆನೇ ನನ್ನ ಕುರ್ಚಿ ಹೋಗುತ್ತೆ ಕಣೇ" ಎಂದು ಅತ್ತೇಬಿಟ್ಟಳು.

"ಅಳ್ಬೇಡ ಮಾರಾಯ್ತಿ, ನದಿಗೆ ಇನ್ನೂ ನೀರು ಬೇಕಾ?" ಅಂದಳು ಕಪಾ.

ಫೈನಾ ಬಟ್ಟೆ ಹಿಂಡುತ್ತಾ, "ನಮ್ಮ ಕಡೆಗೆ ಕೊಟ್ಟುಬಿಡಿ" ಅಂದಳು. "ದೇವರ ದಯೆಯಿಂದ ನಮ್ಮಲ್ಲಿ ಪರಂಪರೆ ಇಲ್ಲ. ಬರೀ ಹಸುಗಳು. ನಮ್ಮ ಹಿನ್ನೀರು ನಿಮ್ಮದಕ್ಕಿಂತ ಒಳ್ಳೇದು."

"ಆಚೆ ದಡ ಬೇರೆ ಪ್ರಾಂತ್ಯ" ಅಂದಳು ನೊನ್ನಾ, ಮೂಗು ಒರೆಸಿಕೊಂಡು. ಕಚೇರಿಯ ಬುದ್ಧಿ ತಾನಾಗಿ ಎಚ್ಚರವಾಗಿತ್ತು. "ಅವರ ಪಟ್ಟಿಯಲ್ಲಿ ಇದು ಬರೀ ದಿಮ್ಮಿ. ಇಲ್ಲಿನವರಿಗೆ ಅಲ್ಲಿ ಅಧಿಕಾರ ಇಲ್ಲ. ವಾಪಸು ತರ್ಬೇಕು ಅಂದ್ರೆ ಎರಡು ಪ್ರಾಂತ್ಯದ ಸಮಿತಿಗಳು ಒಂದೇ ದಿನ ಒಂದೇ ಮಾತಿಗೆ ಒಪ್ಪಬೇಕು. ಅಷ್ಟರಲ್ಲಿ ನಮ್ಮ ಮೊಮ್ಮಕ್ಕಳಿಗೂ ಹಲ್ಲು ಬಿದ್ದಿರುತ್ತೆ."

ನಾವೆಲ್ಲ ನಕ್ಕೆವು. ನಗು ನಿಂತ ಮೇಲೆ ಎಲ್ಲರೂ ಆಚೆ ದಡದ ಕಡೆ ನೋಡಿದೆವು.

"ನಾವು ಅಷ್ಟು ದೂರ ಹೋಗ್ಬೇಕಾಗುತ್ತೆ" ಅಂದೆ ನಾನು. "ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಗಡ್ಡೆ ಮೇಲೆ ಬುಟ್ಟಿ ಎಳ್ಕೊಂಡು."

"ಬನ್ನಿ. ಹಾಲು ಕಾಯಿಸಿ ಇಟ್ಟಿರ್ತೀನಿ" ಅಂದಳು ಫೈನಾ.

ಕಪಾ ಕೇಳಿದ್ದು ಒಂದೇ: "ವಲೆರ್ಯಾನ್‌ಗೆ ಏನಾಗುತ್ತೆ?" ಊರು ಅವರನ್ನು ಬಿಡುವುದಿಲ್ಲ, ಅಷ್ಟು ಗೊತ್ತಿತ್ತು. ಹೆಂಡತಿ ಸ್ಮಾರಕ ಓಡಿಸಿಕೊಂಡು ಹೋದ ಅಧ್ಯಕ್ಷ! ಭಾವಮೈದುನ ಕಡುಬು ತಿನ್ನಲೂ ಬರುವುದಿಲ್ಲ.

ಅದಾದ ಮೂರನೆಯದೋ ನಾಲ್ಕನೆಯದೋ ದಿನ, ಇನ್ನೂ ಕತ್ತಲಿರುವಾಗ ಕಪಾ ಎದ್ದಳು. ಮುಂದಿನದನ್ನು ಅವಳೇ ನನಗೆ ಹೇಳಿದ್ದು, ಆಮೇಲೆ, ಫೈನಾಳ ಅಡುಗೆಮನೆಯಲ್ಲಿ ಕುಳಿತು.

ಅವಳು ಒಲೆ ಮುಟ್ಟಲಿಲ್ಲವಂತೆ. ದಪ್ಪ ಕೋಟು ಹಾಕಿಕೊಂಡು, ಕೊಟ್ಟಿಗೆಯಿಂದ ಕೊಕ್ಕೆಗೋಲು ಎಳೆದುಕೊಂಡು ಇಳಿಜಾರಿಗೆ ಬಂದಳು. ಮೇಲಿನಿಂದ ಸಣ್ಣ ಗಡ್ಡೆಗಳು ಆಗಲೇ ಬರುತ್ತಿದ್ದವು, ತೆಪ್ಪದ ದಿಮ್ಮಿಗಳಿಗೆ ಬಡಿದು, ಯಾರೋ ಅಡುಗೆಮನೆಯಲ್ಲಿ ತಟ್ಟೆ ಜೋಡಿಸುವಂಥ ಸದ್ದು ಮಾಡುತ್ತಿದ್ದವು. ಬಿಟ್ಟುಬಿಡಬಹುದು, ಅಂದುಕೊಂಡಳು. ಒಡೆಯಲಿ. ಗಾಜೂ ಬೇಡ, ಬೀಗವೂ ಬೇಡ. ಆದರೆ ಆ ದಿಮ್ಮಿಗಳಲ್ಲಿ ಒಂದನ್ನು ಅವಳೇ ಕೊಡಲಿ ಹಿಡಿದು ಕೆತ್ತಿದ್ದಳು. ಅದು ಯಾವುದೆಂದು ಕತ್ತಲಲ್ಲೂ ಗೊತ್ತಿತ್ತು.

ಗೂಟಗಳ ಹಗ್ಗ ಹೆಪ್ಪುಗಟ್ಟಿ ಕಬ್ಬಿಣದಂತಾಗಿತ್ತು. ಉಸಿರು ಊದಿ, ಹಲ್ಲಿನಿಂದ ಎಳೆದು ಬಿಚ್ಚಿದಳು. ತೆಪ್ಪ ದಡ ಬಿಟ್ಟಿತು. ಅವಳು ಅದರ ಅಂಚಿಗೆ ನೆಗೆದಳು. ಈ ವಯಸ್ಸಿನಲ್ಲಿ ಇಷ್ಟು ದಪ್ಪ ಹೆಂಗಸು ನೆಗೆಯುವುದು ಯಾರಿಗೂ ಕಾಣದಿದ್ದದ್ದು ಒಳ್ಳೆಯದಾಯಿತು ಅಂದಳು. ನಮ್ಮ ಮನೆಗಳು ಒಂದೊಂದಾಗಿ ಹಿಂದೆ ಸರಿದವು. ಅವಳ ಮನೆಯ ಕಿಟಕಿ ಕತ್ತಲೆಯಾಗಿತ್ತು.

ತಿರುವು ಬಂತು. ನಮ್ಮ ಹಿನ್ನೀರಿನ ಬಾಯಿ ಎಡಕ್ಕೆ ಬೆಳ್ಳಗೆ ಕಾಣುತ್ತಿತ್ತು, ದೂರವೇನಿಲ್ಲ. ಒಬ್ಬಳೇ ಆದರೂ ಈ ತೋಳುಗಳಿಗೆ ಸಾಧ್ಯವಾಗುತ್ತಿತ್ತೇನೋ ಅಂದಳು, ಜೀವ ಬಿಟ್ಟು ತಳ್ಳಿದ್ದರೆ. ಕೋಲಿನ ತುದಿಗೆ ತಳ ತಾಗುತ್ತಿತ್ತು, ಒಂದು ಸಲ ಊರಿಯೂ ಊರಿದಳು. ತೆಪ್ಪ ಅವಳ ಮಾತು ಕೇಳಿ ಎಡಕ್ಕೆ ಮೂತಿ ತಿರುಗಿಸಿತು.

ಕಪಾ ಒದ್ದೆ ಕೋಲನ್ನು ಮೇಲಕ್ಕೆಳೆದು, ಅಡ್ಡಲಾಗಿ ಮಡಿಲಿಗಿಟ್ಟುಕೊಂಡು, ಅಂಚಿನಲ್ಲೇ ಕುಳಿತುಬಿಟ್ಟಳು. ಸೆಳೆತ ತೆಪ್ಪವನ್ನು ಆಚೆ ದಡದ ಕಡೆಗೆ ತಿರುಗಿಸಿಕೊಂಡಿತು.